ಉಂಗುರದಿಂದ ಉದುರಿಹೋದ ವಜ್ರದ ಜಾಗಕ್ಕೆ ಹೊಸದನ್ನು ಆರಿಸುವುದು ಹೇಗೆ?

ಮೊದಲು ಕ್ಯಾರೆಟ್ ಅಲ್ಲ, ಮಿಲಿಮೀಟರ್ ನೋಡಬೇಕು. ಕ್ಯಾರೆಟ್ ಎಂಬುದು ಬರಿಯ ತೂಕ (200 ಮಿಲಿಗ್ರಾಂ), ಹೊಸ ಹರಳು ಕೂರಬೇಕಾದದ್ದು ಉಂಗುರದಲ್ಲಿ ಹಳೆಯ ಹರಳು ಕೂತಿದ್ದ ಕುಳಿಯ ಅಗಲಕ್ಕೆ. ಚೆನ್ನಾಗಿ ಕತ್ತರಿಸಿದ ಅರ್ಧ ಕ್ಯಾರೆಟ್‌ನ ದುಂಡು ವಜ್ರ ಸುಮಾರು 5.1 ಮಿ.ಮೀ. ಅಗಲವಿರುತ್ತದೆ; ಅದೇ ತೂಕದ್ದು 4.8 ಮಾತ್ರ ಇದ್ದರೆ, ನೀವು ಹಣ ಕೊಡುವ ತೂಕದ ಒಂದು ಪಾಲು ಕಣ್ಣಿಗೆ ಕಾಣದ ತಳದಲ್ಲಿ ಅಡಗಿದೆ ಎಂದರ್ಥ. ಹೊಳಪು ನಿಂತಿರುವುದೇ ಕಟ್ (ಹರಳನ್ನು ಕತ್ತರಿಸಿದ ಅಳತೆ, ಅಚ್ಚುಕಟ್ಟು) ಮೇಲೆ, ಆದ್ದರಿಂದ ಅದರಲ್ಲಿ ರಾಜಿ ಬೇಡ. ಹಳದಿ ಚಿನ್ನದಲ್ಲಿ ಜೆ ದರ್ಜೆಯ (ತುಸು ಹಳದಿ ಛಾಯೆಯ) ಬಣ್ಣವೂ ಸಾಕು. ಆದರೆ ಅಕ್ಕಪಕ್ಕ ಹಳೆಯ ಹರಳುಗಳಿದ್ದರೆ ಅವುಗಳ ಜೊತೆಗಿಟ್ಟೇ ಬಣ್ಣ ಹೊಂದಿಸಿಕೊಳ್ಳಿ. ಪ್ರಮಾಣಪತ್ರದ ಸಂಖ್ಯೆಯನ್ನು ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ್ದರೆ, ಅಕ್ಕಸಾಲಿಗರ ಕೈಗೆ ಕೊಡುವ ಮುನ್ನ ಅದನ್ನು ಭೂತಗನ್ನಡಿಯಲ್ಲಿ ಓದಿ ನೋಡಿ. ಹರಳನ್ನು ಹಿಡಿದಿಡುವ ಕೊಕ್ಕೆಗಳು ಸವೆದಿದ್ದರೆ ಅವನ್ನು ಮೊದಲು ಸರಿಪಡಿಸದಿದ್ದರೆ ಹೊಸದೂ ಉದುರೀತು.