ಸಿದ್ದಿ ಹುಡುಗನಿಗೆ ಗ್ಯಾಲರಿಯಿಂದ ಮಂಗನ ಕೂಗು, ರೆಫರಿ ಸುಮ್ಮನಿದ್ದರು: ಮುಂದೇನು?

ತೀರ್ಥಹಳ್ಳಿಯ ಫುಟ್ಬಾಲ್ ಪಂದ್ಯದಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನನ್ನು ಗ್ಯಾಲರಿಯಿಂದ ಮಂಗನ ಕೂಗು ಹಾಕಿ ಹೀಯಾಳಿಸಿದರು, ಮುಂದೇನು ಮಾಡಲಿ ಎಂದು ಕೇಳಿದ್ದೀರಿ. ರೆಫರಿ ಸುಮ್ಮನಿದ್ದದ್ದಕ್ಕೆ ಕಾರಣ ಬಹುಶಃ ಇಷ್ಟೇ: ಕ್ಯಾಪ್ಟನ್ ಹೋಗಿ ಹೇಳಿಲ್ಲ. ನೀವು ಬರೆದದ್ದನ್ನು ನೋಡಿದರೆ ನನಗೆ ಹಾಗನ್ನಿಸುತ್ತದೆ.

ಮೊದಲು ಆ ಹುಡುಗನನ್ನೇ ಕೇಳಿ, ದೂರು ಬೇಕಾ ಅಂತ. ಅವನು ಬೇಡ ಎಂದರೆ ನೀವು ಮುಂದೆ ನುಗ್ಗಬೇಡಿ. ಬೇಕೆಂದರೆ ಕೂಗಿದ ನಿಮಿಷ, ನಿಂತ ಜಾಗ, ಮೊಬೈಲ್ ವಿಡಿಯೊ ಸೇರಿಸಿ ಇವತ್ತೇ ಆಯೋಜಕರಿಗೆ ಬರಹದಲ್ಲಿ ಕೊಡಿ. ಸ್ವೀಕೃತಿ ಸಹಿ ಬಿಡಬೇಡಿ.

ಮುಂದಿನ ಪಂದ್ಯಕ್ಕೆ ಮುಂಚೆ ಜನಾಂಗೀಯ ನಿಂದನೆಗೆ ಫಿಫಾ ಇಟ್ಟಿರುವ ಮೂರು ಹಂತದ ಕ್ರಮವನ್ನು ಕ್ಯಾಪ್ಟನ್‌ಗಳ ಸಭೆಯಲ್ಲಿ ಒಪ್ಪಿಸಿ: ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಕೆ, ಮತ್ತೆ ಆದರೆ ತಂಡಗಳು ಒಳಗೆ, ಮೂರನೇ ಸಲ ಪಂದ್ಯವೇ ರದ್ದು. ಇಂಥ ನಿಂದನೆ ಆಗುತ್ತಿದೆ ಎಂದು ರೆಫರಿಗೆ ತಿಳಿಸಲು ಎರಡೂ ಮಣಿಕಟ್ಟು ಅಡ್ಡ ಹಿಡಿದು ತೋರಿಸುವ ಸನ್ನೆಯನ್ನು ಫಿಫಾ 2024ರಲ್ಲಿ ಒಪ್ಪಿದೆ, ಹುಡುಗರಿಗೆ ಕಲಿಸಿ. ಸಾಗರದಲ್ಲಿ ನಮಗೆ ಹೀಗಾದಾಗ ಲಕ್ಕಿ ಡಿಪ್ ನಂಬರ್ ಕೂಗುತ್ತಿದ್ದ ಮೈಕಿನಲ್ಲೇ ಎಚ್ಚರಿಕೆ ಹೇಳಿಸಿದೆವು. ಶಾಮಿಯಾನದ ಕೆಳಗಿನ ಗದ್ದಲ ತಟ್ಟನೆ ನಿಂತಿತು, ನಿಜ ಹೇಳಬೇಕೆಂದರೆ ನಾನೇ ನಂಬಿರಲಿಲ್ಲ.

ಹುಡುಗ ಯಲ್ಲಾಪುರದ ಕಡೆಯವನು ಅಂದಿರಿ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ, ಹಾಗಾಗಿ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ದೂರಿಗೂ ದಾರಿ ಇದೆ. ಆದರೆ ಕೂಗಿದವರ ಗುರುತು ಸಿಗಬೇಕು. ಸ್ಪೇನಿನ ವಲೆನ್ಸಿಯಾದಲ್ಲಿ ಬ್ರೆಜಿಲ್‌ನ ಕಪ್ಪು ವರ್ಣೀಯ ಆಟಗಾರ ವಿನೀಸಿಯಸ್‌ನನ್ನು ಹೀಯಾಳಿಸಿದ ಮೂವರಿಗೆ 2024ರಲ್ಲಿ ಎಂಟು ತಿಂಗಳ ಶಿಕ್ಷೆಯಾದದ್ದೂ ಅವರು ಯಾರೆಂದು ಗೊತ್ತಾದ ಮೇಲೆಯೇ. ವಿಡಿಯೊ ಇದ್ದವರನ್ನು ಇಂದೇ ಹುಡುಕಿ, ಡಿಲೀಟ್ ಮಾಡಬೇಡಿ ಅನ್ನಿ.