ನಂಬಿಕೆ ಇಲ್ಲದೆ ಪೂಜೆಗೆ ಹೋಗುವುದು ಸೋಗಾ?

ಪ್ರಶ್ನೆ: ನಾನು ಕಾರವಾರದವಳು, ವಯಸ್ಸು 31. ಕಳೆದ ವರ್ಷ ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಣಿಪಾಲಕ್ಕೆ ಓಡಾಡಿದೆವು, ಓಲ್ಡ್ ಗೋವಾಕ್ಕೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರ್‌ಗೆ ಹರಕೆ ಹೊತ್ತೆವು. ಏನೂ ಆಗಲಿಲ್ಲ. ಈಗ ದೇವರಿದ್ದಾನೆ ಅಂತಲೇ ಅನಿಸುವುದಿಲ್ಲ. ಚರ್ಚ್‌ನ ಪೂಜೆಯಲ್ಲಿ ‘ವಿಶ್ವಾಸಿಸುತ್ತೇನೆ’ ಎನ್ನುವಾಗ ಸುಳ್ಳು ಹೇಳಿದ ಹಾಗಾಗುತ್ತದೆ. ಭಾನುವಾರ ಮಕ್ಕಳಿಗೆ ಕ್ಯಾಟೆಕಿಸಂ (ಧರ್ಮಪಾಠ) ಬೇರೆ ಕಲಿಸುತ್ತೇನೆ. ಅಮ್ಮನಿಗೆ ಹೇಳಲು ಭಯ. ನಿದ್ದೆ ಬರುತ್ತಿಲ್ಲ. ನಾನು ಸೋಗಲಾಡಿಯಾ?
— ಹೆಸರು ಬೇಡ

ಉತ್ತರ: ಅಲ್ಲ. ಸೋಗಲಾಡಿಗಳಿಗೆ ನಿದ್ದೆ ಚೆನ್ನಾಗೇ ಬರುತ್ತದೆ.

ಪತ್ರದ ತುಂಬ ನನಗೆ ಕಂಡದ್ದು ಸಿಟ್ಟು. ಅಷ್ಟೆಲ್ಲ ಬೇಡಿಕೊಂಡರೂ ಅಪ್ಪನನ್ನು ಉಳಿಸಲಿಲ್ಲವಲ್ಲ ಅನ್ನುವ ಸಿಟ್ಟು. ಬರದೇ ಇರುತ್ತದಾ? ‘ದೇವರೇ, ಯಾಕೆ ನನ್ನ ಕೈಬಿಟ್ಟೆ’ ಅಂತಲೇ ಬೈಬಲ್‌ನ 22ನೇ ಕೀರ್ತನೆ ಶುರುವಾಗುತ್ತದೆ. ಶಿಲುಬೆ ಮೇಲೆ ಯೇಸು ಕೂಗಿದ್ದೂ ಅದನ್ನೇ. ‘ನಿಮ್ಮ ಭಕ್ತಿ ಸಾಲಲಿಲ್ಲ’ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾವಾದ ಮನೆಯಲ್ಲಿ ಲೆಕ್ಕ ತೆಗೆಯುವ ಆ ಬುದ್ಧಿ ನನಗಂತೂ ಹಿಡಿಸುವುದಿಲ್ಲ.

ಯೇಸುವಿನ ಶಿಷ್ಯ ತೋಮನ ಕಥೆಯನ್ನು ನೀವೇ ಮಕ್ಕಳಿಗೆ ಹೇಳಿರುತ್ತೀರಿ. ಸತ್ತ ಯೇಸು ಎದ್ದು ಬಂದಿದ್ದಾನೆ ಅಂದಾಗ, ಗಾಯದಲ್ಲಿ ಬೆರಳಿಡುವ ತನಕ ನಂಬಲ್ಲ ಅಂದವನು. ನಾವೆಲ್ಲ ಸೀದಾ ಕಥೆಯ ಕೊನೆಗೆ ಓಡುತ್ತೇವೆ. ನಡುವೆ ಎಂಟು ದಿನ ಇದೆ ನೋಡಿ. ಉಳಿದವರೆಲ್ಲ ಪ್ರಭುವನ್ನು ಕಂಡ ಖುಷಿಯಲ್ಲಿದ್ದಾರೆ, ಇವನೊಬ್ಬ ನಂಬಿಲ್ಲ. ಆದರೂ ಯೇಸು ಮತ್ತೆ ಬಂದಾಗ ತೋಮ ಅವರ ಜೊತೆಗೇ ಇದ್ದ. ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ, ಅವನೂ ಎದ್ದು ಹೋಗಿರಲಿಲ್ಲ. ನೀವು ಈಗ ಆ ಎಂಟು ದಿನದೊಳಗೆ ಇದ್ದೀರಿ. ಕೆಲವರಿಗೆ ಅದು ತುಂಬಾ ಉದ್ದ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ಅವರಿಗೆ ದಶಕಗಟ್ಟಲೆ ದೇವರ ಸುಳಿವೇ ಸಿಕ್ಕಿರಲಿಲ್ಲ ಅಂತ ಜನಕ್ಕೆ ತಿಳಿಯಿತು. 2016ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು.

ನಿಮ್ಮ ನಂಬಿಕೆ ವಾಪಸ್ ಬಂದೇ ಬರುತ್ತದೆ ಅಂತ ನಾನು ಹೇಳಲಾರೆ. ಈ ದುಃಖದಲ್ಲಿ ತೀರ್ಮಾನಕ್ಕೆ ಬರಬೇಡಿ, ಅಷ್ಟೇ.

ಸಂಜೆ ಅಮ್ಮನ ಜೊತೆ ತೇರ್ಸ್‌ಗೆ (ಜಪಮಾಲೆ ಪ್ರಾರ್ಥನೆಗೆ) ಕೂತುಕೊಳ್ಳಿ. ಬಾಯಿಗೆ ಮಾತು ಬರದಿದ್ದರೆ ಸುಮ್ನೆ ಮಣಿ ಸರಿಸಿ. ಅಮ್ಮ ಅಪ್ಪನಿಗಾಗಿ ಬೇಡುವಾಗ ಪಕ್ಕದಲ್ಲಿ ಕೂರುವುದು ಯಾವ ಮೋಸವೂ ಅಲ್ಲ. ಒಂದು ದಿನ ‘ಅಮ್ಮಾ, ನಂಗೆ ದೇವರ ಮೇಲೆ ಸಿಟ್ಟಿದೆ’ ಅಂತಷ್ಟೇ ಹೇಳಿ ನೋಡಿ. ಗಂಡನನ್ನು ಕಳೆದುಕೊಂಡವರು ಅವರು, ಆ ಸಿಟ್ಟು ಅವರಿಗೂ ಗೊತ್ತಿರುತ್ತದೆ.

ಕ್ಯಾಟೆಕಿಸಂ ಮಾತ್ರ ಸ್ವಲ್ಪ ಕಾಲ ಬೇರೆಯವರು ನೋಡಿಕೊಳ್ಳಲಿ. ಫಾದರ್ ಹತ್ತಿರ ಹೋಗಿ ಹೇಳಿ. ಪಾಪನಿವೇದನೆಯ ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಮುಗಿಸುವ ಮಾತಲ್ಲ ಇದು, ವಾರದ ನಡುವೆ ಟೈಮ್ ಕೇಳಿಕೊಂಡು ಹೋಗಿ. ಬೇಕಂತಲೇ ನಂಬಿಕೆ ತಳ್ಳಿಹಾಕುವುದು ಬೇರೆ, ತಾನಾಗಿ ಬಂದ ಸಂಶಯ ಬೇರೆ ಅಂತ ಧರ್ಮಸಭೆಯ ಕ್ಯಾಟೆಕಿಸಂ ಪುಸ್ತಕವೇ ಬಿಡಿಸಿ ಹೇಳುತ್ತದೆ. ಫಾದರ್‌ಗೂ ಇದು ಗೊತ್ತಿದ್ದದ್ದೇ.

ಇನ್ನು ನಿದ್ದೆ. ಅದಕ್ಕೂ ನಂಬಿಕೆಗೂ ಗಂಟು ಹಾಕಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದೇ ವಾರ ಫೋನ್ ಮಾಡಿ.