ಕ್ಲಬ್ ಬದಲಿಸಿದರೆ ದಂಡ ಕಟ್ಟಬೇಕೆ?

ಪ್ರಶ್ನೆ: ನನ್ನ ಗಂಡ ಜಪಾನಿನವರು. ಎರಡು ವರ್ಷದಿಂದ ಟೋಕಿಯೊದಲ್ಲಿ, ಹೆಂಗಸರು ಗ್ರಾಹಕರ ಜೊತೆ ಕೂತು ಉಪಚರಿಸುವ ಹೋಸ್ಟೆಸ್ ಕ್ಲಬ್ ಒಂದರಲ್ಲಿ ಕೆಲಸಕ್ಕಿದ್ದೇನೆ, ಗಂಟೆ ಲೆಕ್ಕದ ಸಂಬಳ. ಈಗ ಬೇರೆ ಕ್ಲಬ್‌ಗೆ ಹೋಗಬೇಕು. ‘ತಿಂಗಳ ಮೊದಲೇ ಹೇಳದೆ ಬಿಟ್ಟರೆ 3 ಲಕ್ಷ ಯೆನ್ ದಂಡ, ಕೊನೆಯ ತಿಂಗಳ ಸಂಬಳವೂ ಇಲ್ಲ’ ಎಂಬ ಕಾಗದಕ್ಕೆ ಸೇರುವಾಗ ಸಹಿ ಹಾಕಿದ್ದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಹೆದರಬೇಡಿ, ಆ ದಂಡ ಕಾನೂನಿನ ಮುಂದೆ ನಿಲ್ಲುವುದಿಲ್ಲ. ನಿಮ್ಮನ್ನು ‘ಗುತ್ತಿಗೆಯವರು’ ಎಂದು ಬರೆದುಕೊಂಡಿದ್ದರೂ, ಬರುವ ಹೊತ್ತು ಅವರೇ ಗೊತ್ತುಮಾಡಿ, ಗಂಟೆಗಿಷ್ಟು ಅಂತ ಕೊಟ್ಟು, ತಡವಾದರೆ ಸಂಬಳ ಹಿಡಿದುಕೊಳ್ಳುತ್ತಿದ್ದರೆ ಕಾನೂನಿನ ಕಣ್ಣಿಗೆ ನೀವು ನೌಕರರೇ. ನೌಕರರು ಕೆಲಸ ಬಿಟ್ಟರೆ ಇಷ್ಟು ಕಟ್ಟಬೇಕು ಎಂದು ಮೊದಲೇ ಬರೆಸಿಕೊಳ್ಳುವುದನ್ನು ಜಪಾನಿನ ಕಾರ್ಮಿಕ ಮಾನದಂಡ ಕಾಯ್ದೆಯ 16ನೇ ವಿಧಿ ನಿಷೇಧಿಸುತ್ತದೆ. ಕ್ಲಬ್ಬಿನಿಂದ ಮುಂಗಡ ಸಾಲ ಪಡೆದಿದ್ದರೂ ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವುದನ್ನು 17ನೇ ವಿಧಿ ತಡೆಯುತ್ತದೆ. ಬಿಟ್ಟ ಮೇಲೆ ನೀವು ಕೇಳಿದರೆ ಬಾಕಿ ಸಂಬಳವನ್ನು 7 ದಿನದೊಳಗೆ ಕೊಡಬೇಕು.

ಎರಡು ವಾರ ಮೊದಲು ತಿಳಿಸಿದರೆ ಸಾಕು. ಬಾಯಲ್ಲಿ ಹೇಳಬೇಡಿ. ‘ಇಂಥ ತಾರೀಖಿಗೆ ಬಿಡುತ್ತೇನೆ’ ಎಂದು ಮೊಬೈಲಿನ ಮೆಸೇಜ್ ಆ್ಯಪ್ ಲೈನ್‌ನಲ್ಲಿ ಬರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದರೆ ಅದಕ್ಕೂ ಮುಂಚೆ ಟೈಮ್ ಕಾರ್ಡ್, ಶಿಫ್ಟ್ ಪಟ್ಟಿ, ಸಂಬಳ ಚೀಟಿಗಳ ಫೋಟೊ ತೆಗೆದುಕೊಂಡಿರಬೇಕು. ಬಿಡುವ ಸುದ್ದಿ ಕೇಳಿದ ಕೂಡಲೇ ಶಿಫ್ಟ್ ಗುಂಪಿನಿಂದ ನಿಮ್ಮನ್ನು ತೆಗೆದುಬಿಟ್ಟರೆ ಹಳೆಯ ಪಟ್ಟಿ ಕೈಗೆ ಸಿಗುವುದಿಲ್ಲ. ಸಂಬಳ ಕೊಡದಿದ್ದರೆ ಈ ದಾಖಲೆಗಳ ಸಮೇತ ಕಾರ್ಮಿಕ ಮಾನದಂಡ ತನಿಖಾ ಕಚೇರಿಗೆ ಹೋಗಿ.

ಚೀಟಿಯಲ್ಲಿ ತೆರಿಗೆಯ ಸಾಲನ್ನೂ ನೋಡಿ. ಹೋಸ್ಟೆಸ್ ಸಂಭಾವನೆ ಎಂದು ತೋರಿಸಿದ್ದರೆ ದಿನಕ್ಕೆ 5,000 ಯೆನ್ ಕಳೆದು, ಉಳಿದದ್ದರ ಮೇಲಷ್ಟೇ 10.21% ಹಿಡಿಯಬೇಕು. ದಿನ ಎಂದರೆ ನೀವು ಕೆಲಸಕ್ಕೆ ಹೋದ ದಿನಗಳಷ್ಟೇ ಅಲ್ಲ, ಸಂಬಳದ ಅವಧಿಯ ಎಲ್ಲ ದಿನಗಳೂ ಸೇರುತ್ತವೆ. 2010ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಹಾಗೇ ತೀರ್ಪು ಕೊಟ್ಟಿದೆ. 30 ದಿನದ ತಿಂಗಳಲ್ಲಿ 3,00,000 ಯೆನ್ ಬಂದರೆ ತೆರಿಗೆ 15,315 ಯೆನ್. ಸಾರಾಸಗಟಾಗಿ ಹತ್ತು ಪರ್ಸೆಂಟ್ ಅಂತ 30,000 ಮುರಿದಿದ್ದರೆ ಹೆಚ್ಚುವರಿಯನ್ನು ಕ್ಲಬ್ಬಿನಿಂದಲೇ ವಾಪಸ್ ಕೇಳಬೇಕು, ಅದೂ ಬಿಡುವ ಮುಂಚೆ.

ಹೊಸ ಜಾಗದಲ್ಲಿ ಪಬ್ಲಿಕ್ ಸೇಫ್ಟಿ ಕಮಿಷನ್ (ಪೊಲೀಸರ ಮೇಲುಸ್ತುವಾರಿ ಆಯೋಗ) ಕೊಟ್ಟ ಪರವಾನಗಿ ಗೋಡೆಯ ಮೇಲಿದೆಯೇ, ಅದರಲ್ಲಿರುವುದು ಈಗಿನ ಮಾಲೀಕರ ಹೆಸರೇ ಎಂದು ಓದಿ ನೋಡಿ. ಅಂಗಡಿ ಕೊಂಡುಕೊಂಡ ಮಾತ್ರಕ್ಕೆ ಪರವಾನಗಿ ಜೊತೆಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ಗ್ರಾಹಕರನ್ನು ಉಪಚರಿಸುವ ಕ್ಲಬ್ ರಾತ್ರಿ 12ಕ್ಕೆ, ಕೆಲವು ಪ್ರದೇಶಗಳಲ್ಲಿ 1ಕ್ಕೆ ಮುಚ್ಚಬೇಕು. ‘ನಮ್ಮದು ಬೆಳಗಿನ ನಾಲ್ಕರ ತನಕ, ಸಂಬಳವೂ ಜಾಸ್ತಿ’ ಎಂದು ಕರೆದರೆ ಹೋಗಬೇಡಿ. ಪೊಲೀಸರು ಬಂದ ರಾತ್ರಿ ಅಲ್ಲಿರುವವರು ನೀವು.

ಗಂಡನ ಮೂಲಕ ಸಿಕ್ಕ ವೀಸಾದಲ್ಲಿ ಕ್ಲಬ್ ಬದಲಿಸಿದ್ದನ್ನು ಇಮಿಗ್ರೇಷನ್‌ಗೆ ತಿಳಿಸಬೇಕಿಲ್ಲ.

ಪ್ರಶ್ನೆ: ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ 28 ಗಂಟೆ ಕೆಲಸದ ಅನುಮತಿ ಇದೆ. ಗೆಳತಿಯ ಕ್ಲಬ್‌ನಲ್ಲಿ ಪಾತ್ರೆ ತೊಳೆಯಲು ಸೇರಬಹುದೇ?

ಉತ್ತರ: ಬೇಡ. ಆ ಅನುಮತಿ ಇಂಥ ಪರವಾನಗಿಯ ಜಾಗಗಳಿಗೆ ಸಲ್ಲುವುದಿಲ್ಲ, ಕೆಲಸ ಅಡುಗೆಮನೆಯಲ್ಲಿದ್ದರೂ ಅಷ್ಟೇ. ಸಿಕ್ಕಿಬಿದ್ದರೆ ವೀಸಾವೇ ಹೋಗಬಹುದು.